ಮೋಡದ ಮೇಷ್ಟ್ರು ಒಪ್ಪಿಕೊಂಡದ್ದು

ವಿದ್ಯುತ್ ಸ್ಥಾವರದ ಕೂಲಿಂಗ್ ಟವರನ್ನು ನೋಡಿಕೊಳ್ಳುವ ಆಪರೇಟರಿಗೆ ಕ್ವಾರ್ಟರ್ಸಿನವರು ಇಟ್ಟ ಹೆಸರು ಮೋಡದ ಮೇಷ್ಟ್ರು. ಟವರಿನ ಬಾಯಿಂದ ಏಳುವ ಬೆಳ್ಳನೆಯ ಮೋಡವನ್ನು ಯಾರಾದರೂ ಬಾಯಿ ತಪ್ಪಿ ಹೊಗೆ ಅಂದರೆ ಮುಗಿಯಿತು, ಅಂದವರ ಸಂಜೆ ಹಾಳು. ಟೀ ತರಿಸಿ, ಸಾಸರಿಗೆ ಬಗ್ಗಿಸಿಕೊಂಡು ಮೇಷ್ಟ್ರ ಪಾಠ ಶುರು.

"ಟರ್ಬೈನ್ ತಿರುಗಿಸಿದ ಹಬೆಯನ್ನ ಮತ್ತೆ ನೀರು ಮಾಡಬೇಕು. ಅದಕ್ಕೆ ತಣ್ಣೀರು ಬೇಕು. ಆ ತಣ್ಣೀರು ಕಾದುಹೋಗುತ್ತೆ. ಪಕ್ಕದಲ್ಲಿ ಸಮುದ್ರವೋ ದೊಡ್ಡ ನದಿಯೋ ಇದ್ದಿದ್ದರೆ ಅಲ್ಲಿಗೇ ಬಿಡಬಹುದಿತ್ತು. ನಮ್ಮದು ಬಡಕಲು ಹೊಳೆ. ಬಿಟ್ಟರೆ ಮೀನು ಬೆಂದೇ ಮೇಲೆ ಬರುತ್ತೆ. ಅದಕ್ಕೇ ಟವರಿನೊಳಗೆ ಹನಿಹನಿಯಾಗಿ ಸುರಿಸ್ತೀವಿ. ಸ್ವಲ್ಪ ಆವಿಯಾಗಿ ಹೋಗುತ್ತೆ, ಹೋಗುವಾಗ ಬಿಸಿ ಹೊತ್ತುಕೊಂಡು ಹೋಗುತ್ತೆ. ಉಳಿದದ್ದು ತಣ್ಣಗಾಗಿ ವಾಪಸ್ ಕೆಲಸಕ್ಕೆ."

ಇಲ್ಲಿ ಸಾಸರನ್ನು ಉಫ್ ಎಂದು ಊದಿ, ಸೊರ್ರನೆ ಹೀರುವುದು. ಮೋಡ ತಾವೇ ಹಡೆದ ಕೂಸೇನೋ ಎಂಬಷ್ಟು ಹೆಮ್ಮೆ.

ಪಾಠ ತಲೆಗೆ ಹತ್ತದವಳು ಒಬ್ಬಳೇ, ಅವರ ಹೆಂಡತಿ. ಮನೆ ಟವರಿನ ಬುಡದಲ್ಲೇ. ಹಗ್ಗದ ಮೇಲಿನ ಬಟ್ಟೆ ಪೂರ್ತಿ ಒಣಗಿದ್ದೇ ಇಲ್ಲ. ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು. ಕೆಮ್ಮು ಹಿಡಿದಾಗಿನಿಂದ ಆಕೆಯದು ಒಂದೇ ರಾಗ.

"ನಿಮ್ಮ ಹೊಗೆ ನನ್ನನ್ನ ತಿಂತಿದೆ ಕಣ್ರೀ. ಅಕ್ಕನ ಊರಲ್ಲಿ ಮನೆ ಮಾಡೋಣ."

"ಹೊಗೆಯಲ್ಲ ಕಣೇ, ಆವಿ. ನಾನೇ ಹೆದರಿ ಮನೆ ಬಿಟ್ಟರೆ ಜನ ಏನಂತಾರೆ?"

"ಆವಿಯನ್ನೇ ಕಟ್ಟಿಕೊಳ್ಳಬೇಕಿತ್ತು ನೀವು. ನಾನ್ಯಾಕೆ ನಡುವೆ?"

ಮನೆ ಬದಲಾಗಲಿಲ್ಲ. ಕೆಮ್ಮು ದಮ್ಮಾಯಿತು, ದಮ್ಮು ಹಾಸಿಗೆ ಹಿಡಿಸಿತು. ಕೊನೆಗೆ ಆಕೆಯ ಎಕ್ಸ್‌ರೇ ಹಿಡಿದು ಮೇಷ್ಟ್ರೊಬ್ಬರೇ ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರ್ ಮನೆಯ ಸ್ಥಿತಿಯನ್ನೆಲ್ಲ ಕೇಳಿಕೊಂಡು, ಅದನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗ ಇವರಿಗೆ ತಡೆಯಲಾಗಲಿಲ್ಲ.

"ಹೊಗೆಯಂತೂ ಅಲ್ಲ ಅಲ್ವಾ ಸಾರ್?"

"ಹೊಗೆಯಲ್ಲ. ತೇವ. ಗೋಡೆಯ ಬೂಷ್ಟು ವರ್ಷಗಟ್ಟಲೆ ಎದೆಗೆ ಇಳಿದಿದೆ. ಮೊದಲೇ ಆ ಮನೆ ಬಿಟ್ಟಿದ್ದರೆ ಆಗ್ತಿತ್ತು. ಇನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಅಷ್ಟೇ."

ಜೀವಮಾನದ ವಾದ ಗೆದ್ದ ಮನುಷ್ಯ ಬಸ್ಸಿನ ಕಂಬಿ ಹಿಡಿದುಕೊಂಡು, ಸೀಟು ಖಾಲಿಯಿದ್ದರೂ ನಿಂತೇ ಬಂದರು. ಬಂದವರೇ ಟೀ ಮಾಡಿ, ಸಾಸರಿಗೆ ಬಗ್ಗಿಸಿ, ಹಾಸಿಗೆಯ ಪಕ್ಕ ಕೂತರು.

"ನೀನು ಹೇಳಿದ್ದೇ ಸರಿ ಕಣೇ. ಅದು ಹೊಗೆಯೇ."

ಆಕೆ ಅವರ ಮುಖ ನೋಡಿದಳು.

"ಡಾಕ್ಟರು ಅಷ್ಟು ಕೆಟ್ಟದಾಗಿ ಹೇಳಿದರಾ?"

ಮೇಷ್ಟ್ರು ತಲೆ ತಗ್ಗಿಸಿ ಸಾಸರನ್ನು ಊದತೊಡಗಿದರು. ಟೀ ಆಗಲೇ ತಣ್ಣಗಾಗಿತ್ತು.