ಚಿಕ್ಕಪ್ಪ ಕೊಡಿಸಿದ ರಜೆ

ನಮ್ಮ ಚಿಕ್ಕಪ್ಪನಿಗೆ ಮನೆಮಂದಿಯೆಲ್ಲ ಇಟ್ಟ ಅಡ್ಡಹೆಸರು ಇಸ್ತ್ರಿ. ಊರಾಚೆಯ ರೆಸಾರ್ಟಿನಲ್ಲಿ ಅತಿಥಿಗಳ ಕೋಣೆ ಸಜ್ಜು ಮಾಡುವುದು ಅವನ ಕೆಲಸ. ಅವನು ಹಾಸಿದ ಹಾಸಿಗೆಯಲ್ಲಿ ಸುಕ್ಕು ಹುಡುಕುವುದೆಂದರೆ ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ. ಮನೆಗೆ ಬಂದರೆ ಮಾತ್ರ ಮಹಾರಾಯ ಕುಡಿದ ಲೋಟವನ್ನೂ ಎತ್ತಿಡುವವನಲ್ಲ. ಅವರ ಮನೆಯಲ್ಲೇ ಬೆಳೆದ ನಾನು ಆ ಲೋಟಗಳನ್ನು ಬೇಕಾದಷ್ಟು ನೋಡಿದ್ದೇನೆ.

ಆ ರೆಸಾರ್ಟಿನಲ್ಲಿ ಒಂದು ಪದ್ಧತಿ ಇದೆ. ಕೆಲಸದವರು ವರ್ಷಕ್ಕೊಮ್ಮೆ ಮನೆಯವರನ್ನು ಕರೆತಂದು ಎರಡು ದಿನ ಅತಿಥಿಗಳಂತೆ ಇರಬಹುದು. ಚಿಕ್ಕಮ್ಮನಿಗೆ ಇದ್ದ ಆಸೆ ಅದೊಂದೇ. ಇನ್ನೊಬ್ಬರು ಹಾಸಿದ ಹಾಸಿಗೆಯಲ್ಲಿ ಮಲಗಬೇಕು, ಇನ್ನೊಬ್ಬರು ಮಾಡಿದ್ದನ್ನು ಕೂತಲ್ಲೇ ತಿನ್ನಬೇಕು. ಚಿಕ್ಕಪ್ಪ ಪ್ರತಿ ವರ್ಷ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದ.

ಕಾರಣ ನನಗೆ ಗೊತ್ತಿತ್ತು. ಒಮ್ಮೆ ಅವನು ಮರೆತುಹೋದ ಕನ್ನಡಕ ಕೊಡಲು ಅಲ್ಲಿಗೆ ಹೋಗಿದ್ದೆ. ಕಾರಿಡಾರಿನಲ್ಲಿ ಅತಿಥಿಗಳು ಎದುರಾದರೆ ಕೆಲಸದವರು ಗೋಡೆಗೆ ಸರಿದು, ತಲೆ ತಗ್ಗಿಸಿ ದಾರಿ ಬಿಡಬೇಕು. ಚಿಕ್ಕಪ್ಪ ಹಾಗೆ ನಿಂತಿದ್ದ, ಚೆಂಡು ಹಿಡಿದು ಬರುತ್ತಿದ್ದ ಒಂದು ಪುಟ್ಟ ಮಗುವಿಗೆ. ನನ್ನನ್ನು ಕಂಡವನೇ ಮುಖ ಸಣ್ಣದು ಮಾಡಿಕೊಂಡು, "ನಿಮ್ ಚಿಕ್ಕಮ್ಮಂಗೆ ಹೇಳ್ಬೇಡ" ಅಂದ. ಅತಿಥಿಯಾಗಿ ಹೋದರೂ, ಅವನ ಜೊತೆಯವರು ಹಾಗೆ ನಿಲ್ಲುವುದನ್ನು ಕಂಡರೆ ಅವಳಿಗೆ ಎಲ್ಲ ತಿಳಿದುಹೋಗುತ್ತಿತ್ತು.

ಈ ವರ್ಷ ಚಿಕ್ಕಮ್ಮನಿಗೆ ಆಪರೇಷನ್ ಆಯಿತು. ಎದ್ದು ಓಡಾಡುವಂತಾದ ಮೇಲೆ ಡಾಕ್ಟರು, ಎಲ್ಲಾದರೂ ಹೋಗಿ ಆರಾಮವಾಗಿದ್ದು ಬನ್ನಿ ಎಂದರು. ನೆಪಗಳೆಲ್ಲ ಖಾಲಿಯಾಗಿದ್ದ ಚಿಕ್ಕಪ್ಪ ಊರಿನ ಇನ್ನೊಂದು ತುದಿಯಲ್ಲಿ ಒಂದು ವಿಲ್ಲಾ ಗೊತ್ತುಮಾಡಿದ. ರೆಸಾರ್ಟೆಂದರೆ ಸಂತೆ, ವಿಲ್ಲಾ ಆದರೆ ಇಡೀ ಮನೆ ನಮ್ಮದೇ, ಬಾಗಿಲು ತಟ್ಟುವವರೂ ಇಲ್ಲ ಎಂದು ಚಿಕ್ಕಮ್ಮನಿಗೂ ನನಗೂ ದಾರಿಯುದ್ದಕ್ಕೂ ಕೊರೆದ. ಬಾಗಿಲು ತಟ್ಟುವವರಿಲ್ಲ ಎಂದರೆ ಕಾಫಿ ತಂದುಕೊಡುವವರೂ ಇಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಅಲ್ಲಿ ಈಜುಕೊಳವಿತ್ತು, ಹುಲ್ಲುಹಾಸಿತ್ತು, ನಮ್ಮ ಮನೆಯದರ ಎರಡರಷ್ಟು ದೊಡ್ಡ ಅಡುಗೆಮನೆಯೂ ಇತ್ತು. ಚಿಕ್ಕಮ್ಮ ಅದನ್ನು ಒಂದು ಕ್ಷಣ ನೋಡಿದಳು. ಆಮೇಲೆ ಚೀಲ ಕೆಳಗಿಟ್ಟು ಒಲೆ ಹಚ್ಚಿದಳು. ನಾನು ಬೇಡವೆಂದರೂ ಕೇಳಲಿಲ್ಲ. ಚಿಕ್ಕಪ್ಪ ಬೇಡ ಅನ್ನಲೇ ಇಲ್ಲ. ಕೊಳದ ಪಕ್ಕ ಕಾಲು ಚಾಚಿ ಕೂತವನಿಗೆ ಕಾಫಿ ಕೈಗೇ ಬರುತ್ತಿತ್ತು. ಅಲ್ಲಿದ್ದ ಎರಡು ದಿನವೂ ಅವಳು ನೀರಿಗೆ ಕಾಲು ಇಳಿಬಿಡಲಿಲ್ಲ.

ಹೊರಡುವ ಬೆಳಿಗ್ಗೆ ಬೀಗದಕೈ ತೆಗೆದುಕೊಳ್ಳಲು ಆ ಮನೆ ನೋಡಿಕೊಳ್ಳುವ ಹೆಂಗಸು ಬಂದಳು. ಚಿಕ್ಕಮ್ಮ ಬಿಗಿಯಾಗಿ ಹಾಸಿದ ಹಾಸಿಗೆ, ಒರೆಸಿ ಬೋರಲು ಹಾಕಿದ ಪಾತ್ರೆಗಳನ್ನೆಲ್ಲ ನೋಡಿ, "ಅಮ್ಮಾ, ನೀವೂ ಇದೇ ಕೆಲ್ಸದಲ್ಲಿದ್ದೀರಾ?" ಎಂದು ಕೇಳಿದಳು.

"ಹೂಂ. ಮದ್ವೆ ಆದಾಗ್ಲಿಂದ" ಎಂದಳು ಚಿಕ್ಕಮ್ಮ.

ಅದರಲ್ಲಿ ಕೊಂಕೇನೂ ಇರಲಿಲ್ಲ, ನಗುತ್ತಲೇ ಅಂದದ್ದು. ಆದರೆ ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ತನ್ನ ಮಾನ ಉಳಿಸಿಕೊಳ್ಳಲು ಹೋಗಿ ಅವಳ ರಜೆಯನ್ನೇ ನುಂಗಿಬಿಟ್ಟೆನಲ್ಲ ಎಂಬ ಸಂಕಟ ಅವನಿಗೆ ಹತ್ತಿದ್ದು ಆಗಲೇ. ಈಗಲೂ ಅದನ್ನೇ ಹೇಳಿಕೊಂಡು ಕೊರಗುತ್ತಾನೆ.

ಚಿಕ್ಕಮ್ಮ ಚೀಲ ಎತ್ತಿಕೊಂಡು ಬಂದಾಗ ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಗೋಡೆಗೆ ಸರಿದು, ತಲೆ ತಗ್ಗಿಸಿ ದಾರಿ ಬಿಟ್ಟ.

"ಇದೇನ್ರೀ, ಹೀಗ್ ನಿಂತಿದ್ದೀರಿ?"

"ರೆಸಾರ್ಟಲ್ಲಿ ನಾನು ನಿಲ್ಲೋದು ಹೀಗೇ ಕಣೆ. ನೀನು ನೋಡ್ಬಾರ್ದು ಅಂತ ಇಲ್ಲಿಗೆ ಕರ್ಕೊಂಡ್ ಬಂದೆ."

ಚಿಕ್ಕಮ್ಮ ಬಾಗಿಲಲ್ಲೇ ನಿಂತಳು. ಪಾತ್ರೆ ತೊಳೆದು ತೊಳೆದು ಸುಕ್ಕಾಗಿದ್ದ ಬೆರಳುಗಳನ್ನು ನೋಡಿಕೊಂಡಳು.

"ಇಷ್ಟಕ್ಕಾ?" ಎಂದಳು.