‘ನೀವು’ ಅನ್ನಿಸುವ ಮೆಣಸಿನಕಾಯಿಯವಳು

ಮಗಳು ಇರೆತಿಗೆ ಮನೆಮಾತು ಯೊರುಬಾ ಸರಿಯಾಗಿ ಬಾರದು, ಅಜ್ಜಿಯೊಡನೆ ಏನು ಮಾತಾಡಿಯಾಳು ಎಂಬ ಕೊರಗಿನಲ್ಲಿ ಮೊದುಪೆ ತವರಿಗೆ ಫೋನ್ ಮಾಡುವುದನ್ನೇ ಮುಂದೂಡುತ್ತಿದ್ದಳು. ಮಗುವಿಗೆ ಗುರುವಾಗಿ ಸಿಕ್ಕವಳೆಂದರೆ ಇಬಾದಾನ್ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ರೋತಿಮಿಯವ್ವ. ಇಂಗ್ಲಿಷಿನಲ್ಲಿ ಕೇಳಿದರೆ ಮಂತ್ರಿಗೂ ಆಕೆ ಕಿವುಡಿ. ಇರೆತಿ ತಡವರಿಸಿ ‘ನೀನು ಹೇಗಿದ್ದೀ?’ ಎಂದರೆ, “ನಾನೇನು ನಿನ್ನ ವಾರಿಗೆಯೋಳೇನೇ? ಮೊಣಕಾಲೂರಿ ‘ನೀವು’ ಅನ್ನೇ, ಇಂಗ್ಲಿಷಮ್ಮ!” ಎಂದು ಗದರಿ, ಅನ್ನಿಸಿಯೇ ಕಿತ್ತಳೆ ಕೊಡುವಳು. “ದೊಡ್ಡೋರಿಗೂ ಚಿಕ್ಕೋರಿಗೂ ಒಂದೇ ‘ಯೂ’ ಅಂತೆ, ಪಾಪದ ಭಾಷೆ!” ಎಂದು ನಗುವಳು. “ನಿಮ್ಮ ಮೊಮ್ಮಕ್ಕಳು ಪುಣ್ಯವಂತರು,” ಎಂದು ಮೊದುಪೆ ಕಣ್ತುಂಬಿ ಹೇಳಿದ ದಿನ ಮಾತ್ರ ಆಕೆ ನಗಲಿಲ್ಲ. “ಲಾಗೋಸಲ್ಲಿ ಅವಕ್ಕೆ ಇಂಗ್ಲಿಷೊಂದೇ ಮಗಳೇ. ಫೋನಲ್ಲಿ ನಾನು ‘ಯೆಸ್, ಯೆಸ್’ ಅಂತೀನಿ, ಅಷ್ಟೇ.” ಮೊದುಪೆ ಅಲ್ಲೇ ನಿಂತು ತಾಯಿಗೆ ಫೋನ್ ಹಚ್ಚಿದಳು: “ಅಮ್ಮಾ, ಇರೆತಿಗೆ ಕೊಡ್ತೀನಿ. ನೀವು ಇಂಗ್ಲಿಷ್ ಹುಡುಕಬೇಡಿ, ನಮ್ಮ ಮಾತಲ್ಲೇ ಬೈರಿ.”