ಅಟ್ಟ ಹತ್ತಿದ ಪ್ರಬಂಧಗಳು

ಕಾಲೇಜಿನ ಎದುರು, ಮನೆಯ ಮುಂದಿನ ಕೋಣೆಯಲ್ಲೇ ಬೈಂಡಿಂಗ್ ಅಂಗಡಿ ಇಟ್ಟಿದ್ದ ಮುದುಕನನ್ನು ಹುಡುಗರೆಲ್ಲ ರಟ್ಟಜ್ಜ ಎನ್ನುತ್ತಿದ್ದರು. ಅವರ ಪ್ರಬಂಧಗಳಿಗೆ ರಟ್ಟು ಹಾಕಿ ಹಾಕಿ ಅವನ ಕಣ್ಣು ಮಂಜಾಗಿತ್ತು. ಈಚೆಗೆ ಮನೆ ನಡೆಯುತ್ತಿದ್ದದ್ದು ಹೆಂಡತಿಯ ಹೊಲಿಗೆ ಮಿಷನ್ನಿನಿಂದ.

ಹೊಳೆ ಉಕ್ಕಿ ನೀರು ಹೊಸ್ತಿಲು ದಾಟಿದಾಗ ಅವಳು ಮಿಷನ್ನಿನ ಒಂದು ತುದಿ ಹಿಡಿದು ಕೂಗಿದಳು: "ಆ ಕಡೆ ಹಿಡ್ಕೊಳ್ಳಿ, ಅಟ್ಟಕ್ಕೆ ಹಾಕೋಣ!"

"ತಡಿಯೇ, ಮೊದಲು ಗಿರಾಕಿ ಸಾಮಾನು. ನಂಬಿ ಕೊಟ್ಟಿದ್ದಾರೆ."

ಅವನು ಪ್ರಬಂಧಗಳನ್ನೇ ಎದೆಗವಚಿಕೊಂಡು ಏಣಿ ಹತ್ತಿ ಇಳಿದ. ಅಷ್ಟರಲ್ಲಿ ನೀರು ಸೊಂಟಕ್ಕೆ ಬಂದು ಮಿಷನ್ ಮುಳುಗಿತು.

ನೀರಿಳಿದ ಮೇಲೆ, ಬೀದಿಯಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳನ್ನು ಅವನೇ ಕರೆದು ಅವಳ ಪ್ರಬಂಧ ಎತ್ತಿ ತೋರಿಸಿದ.

"ಅಯ್ಯೋ ಅಜ್ಜ, ಕೊಚ್ಚಿಹೋಗಿರುತ್ತೆ ಅಂತ ಬೇರೆ ಪ್ರಿಂಟ್ ತೆಗೆಸಿ ಕಾಲೇಜಿಗೆ ಕೊಟ್ಟೂ ಆಯ್ತು. ಎಲ್ಲರೂ ಹಾಗೇ ಮಾಡಿದ್ದು. ರದ್ದಿಗೆ ಹಾಕ್ಬಿಡಿ."

ಹೆಂಡತಿ ಕೆಸರು ಮೆತ್ತಿದ ಚಕ್ರ ತಿರುಗಿಸಲು ನೋಡಿದಳು. ಅದು ಅಲ್ಲಾಡಲಿಲ್ಲ. ಒಲೆ ಹಚ್ಚೋಣವೆಂದರೆ ಬೀದಿಯಲ್ಲೆಲ್ಲೂ ಒಂದು ಒಣ ಕಡ್ಡಿ ಇರಲಿಲ್ಲ.

"ಕೊಡಿ ಇಲ್ಲಿ," ಎಂದಳು, "ನಿಮ್ಮ ಗಿರಾಕಿ ಸಾಮಾನಲ್ಲಿ ಒಂದು ಲೋಟ ನೀರಾದ್ರೂ ಕಾಯಲಿ."

ಅಜ್ಜ ಕೈಯಲ್ಲಿದ್ದ ಪ್ರಬಂಧ ಕೊಟ್ಟ. ಅವಳು ಒಂದೊಂದೇ ಹಾಳೆ ಕಿತ್ತು ಒಲೆಗೊಡ್ಡಿದಳು.